ಗೋಡೆಯೊಳಗಿನ ಬಿಸಿನೀರು

ಶ್ರೀ ಸೂಗೂರೇಶ್ವರನ ಸನ್ನಿಧಿಯಾದ ದೇವಸುಗೂರಿನಲ್ಲಿ ನಮ್ಮ ಹಿರಿಯರ ಮನೆ ಮಣ್ಣಿನ ಮಾಳಿಗೆಯದು. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಗಳು ಬೇಸಿಗೆಯ ಉರಿಯನ್ನು ಹೊರಗೇ ತಡೆಯುತ್ತ ಬಂದಿವೆ. ಶೀತದೇಶಗಳಲ್ಲಿ ಬಿಸಿನೀರಿನ ಕೊಳವೆಗಳನ್ನು ಕೋಣೆಕೋಣೆಗೂ ಹಾಯಿಸಿ ಮನೆಯನ್ನೇ ಕಾಯಿಸುವರಂತೆ. ರಾಯಚೂರು ಸೀಮೆಯವರಿಗೆ ಆ ಚಿಂತೆಯಿಲ್ಲ. ಆದರೆ ನಮ್ಮ ಅಕ್ಕನವರಿಗೆ ಎಪ್ಪತ್ತೆಂಟು ತುಂಬಿದೆ. ಹೊತ್ತು ಮೂಡುವ ಮುನ್ನ ಮಿಂದು ಇಷ್ಟಲಿಂಗಪೂಜೆಗೆ ಕೂರುವ ನಿಯಮವನ್ನು ಅವರು ಬಿಟ್ಟವರಲ್ಲ. ಹೋದ ವರ್ಷದ ಪುಷ್ಯಮಾಸದಲ್ಲಿ, ಹಿತ್ತಲ ಹಂಡೆಯಿಂದ ಬಿಸಿನೀರು ಹೊತ್ತು ತರುವಾಗ ಜಾರಿಬಿದ್ದರು. ಬಚ್ಚಲನ್ನು ಮನೆಯೊಳಗೆ ತಂದು, ಸೂರ್ಯನ ಶಾಖದಿಂದ ನೀರು ಕಾಯಿಸುವ ಯಂತ್ರವನ್ನು ಕೂರಿಸುವ ಸಂಕಲ್ಪ ಅಂದೇ ಮಾಡಿದೆವು.

200 ಲೀಟರಿನ ತೊಟ್ಟಿ ತುಂಬಿದರೆ ನೀರಿನ ಭಾರವೇ 200 ಕಿಲೋ. ಹಳೆಯ ತೊಲೆಗಳಿಗೆ ಆ ಹೊರೆ ಸಲ್ಲದೆಂದು ಹಿತ್ತಲಲ್ಲಿ ಕಬ್ಬಿಣದ ಅಟ್ಟ ಕಟ್ಟಿಸಿದೆವು. ಇಷ್ಟು ಬುದ್ಧಿ ತೋರಿದವರು ಕೊಳವೆಯ ಹಾದಿಯಲ್ಲಿ ಎಡವಿದೆವು. ದೇವರ ಜಗಲಿಯ ಗೋಡೆಯನ್ನು ಉದ್ದಕ್ಕೂ ಕೊರೆದು, ಕೊಳವೆ ಹುದುಗಿಸಿ, ಮೇಲೆ ಸಿಮೆಂಟ್ ಮೆತ್ತಲು ಗೌಂಡಿ ಕೇಳಿದಾಗ, ನೋಟಕ್ಕೆ ಅಂದವೆಂದು ಒಪ್ಪಿಬಿಟ್ಟೆವು. ಯುಗಾದಿಯ ಹೊತ್ತಿಗೆ ಜಗಲಿಯ ಹಿಂದೆ ತೇವ ಕಾಣಿಸಿತು. ಮಣ್ಣಿನ ಗೋಡೆ ನೀರು ಕುಡಿದರೆ ಬಲಗುಂದುತ್ತದೆ; ಮೇಲಿನ ಸಿಮೆಂಟ್ ಆ ತೇವ ಆರಲೂ ಬಿಡುವುದಿಲ್ಲ.

ಪಕ್ಕದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಭಕ್ತರೊಬ್ಬರು ಬಂದು ನೋಡಿದರು. "ಬಿಸಿ ಪೈಪಿಗೆ ಅಲುಗಾಡಾಕ ಜಾಗಾ ಬೇಕ್ರಿ ಶಾಸ್ತ್ರಿಗಳ. ಬಿಗಿಹಿಡಿದ್ರ ಜೋಡಣಿ ಬಿಡ್ತದ" ಎಂದರು. ಸಿಪಿವಿಸಿ ಕೊಳವೆ ಹತ್ತು ಮೀಟರ್ ಉದ್ದವಿದ್ದು, ಶಾಖ 40 ಡಿಗ್ರಿ ಏರಿದರೆ, ಸುಮಾರು ಎರಡೂವರೆ ಸೆಂಟಿಮೀಟರ್ ಬೆಳೆಯುತ್ತದೆಯೆಂದು ಲೆಕ್ಕ ಹಾಕಿ ತೋರಿಸಿದರು. ತರ್ಕಶಾಸ್ತ್ರ ಓದಿದ ನಮಗೆ ಇದು ಹೊಳೆಯದೆ ಹೋಯಿತು!

ಎಲ್ಲವನ್ನೂ ಕಿತ್ತೆವು. ಈಗ ಕೊಳವೆ ಗೋಡೆಯನ್ನು ಒಂದೇ ಕಡೆ, ಅಡುಗೆಮನೆಯ ಬಳಿ, ನೇರವಾಗಿ ದಾಟುತ್ತದೆ. ಅಲ್ಲಿ ಮೊದಲು ದೊಡ್ಡ ಕೊಳವೆಯ ತುಂಡೊಂದನ್ನು ಹಿತ್ತಲ ಕಡೆಗೆ ತುಸು ಇಳಿಜಾರಾಗಿ ಕೂರಿಸಿ, ಅದರೊಳಗೆ ಬಿಸಿನೀರಿನ ಕೊಳವೆ ತೂರಿಸಿದ್ದೇವೆ. ನಡುವಿನ ತೆರಪಿಗೆ ಶಾಖ ತಡೆಯುವ ಮೆತ್ತನೆಯ ಹೊದಿಕೆ. ಗೋಡೆಯೊಳಗೆ ಒಂದು ಜೋಡಣೆಯೂ ಇಲ್ಲ. ಉಳಿದ ಉದ್ದವೆಲ್ಲ ಹೊದಿಕೆ ಹೊದ್ದು ಗೋಡೆಯ ಮೇಲೆಯೇ ಸಾಗುತ್ತದೆ. ಕೊರೆದ ಗಾಯಕ್ಕೆ ಮಣ್ಣು, ಸುಣ್ಣ ತುಂಬಿಸಿದೆವು.

ಗೋಡೆ ಆರಲು ಬೇಸಿಗೆ ಪೂರ್ತಿ ಹಿಡಿಯಿತು. ಅಲ್ಲಿಯವರೆಗೆ ಅಕ್ಕನವರು ಪಡಸಾಲೆಯಲ್ಲೇ ಪೂಜೆಗೆ ಕುಳಿತರು. ನಳ ತಿರುಗಿಸಿದಾಗ ಮೊದಲು ಬರುವ ತಣ್ಣೀರನ್ನು ಈಗಲೂ ಅವರು ಚೆಲ್ಲಗೊಡುವುದಿಲ್ಲ. ಬಕೀಟಿನಲ್ಲಿ ಹಿಡಿದಿಟ್ಟು ಹಿತ್ತಲ ಬಿಲ್ವಪತ್ರೆಯ ಗಿಡಕ್ಕೆ ಹಾಕಿಸುತ್ತಾರೆ.