ಸಾತನೂರಿನ ಹುಳುಮನೆ, ನಮ್ಮ ಹಾಲ್‌ನ ಸಮುದ್ರ

ನನ್ನ ಫಿಶ್ ಟ್ಯಾಂಕಿನ ಪಾಚಿಗೆ ಮದ್ದು ಸಿಕ್ಕಿದ್ದು ಸಾತನೂರಿನ ಒಂದು ರೇಷ್ಮೆ ಹುಳುಮನೆಯಲ್ಲಿ ಅಂದ್ರೆ ಆಫೀಸಿನಲ್ಲಿ ಯಾರೂ ನಂಬಲ್ಲ. ಆದರೆ ಆಗಿದ್ದು ಹಾಗೇ.

ಕೆಂಗೇರಿಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಬೆರೆಸಿ ಮಾಡಿದ ನೀರು, ಒಂದಷ್ಟು ಕಲ್ಲು, ಮೆತ್ತನೆಯ ಎರಡು ಹವಳ, ಜೋಡಿ ಕ್ಲೌನ್ ಮೀನು. ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಧೂಳಿನಂಥ ಪಾಚಿ ಬಂತು. ಹೊಸ ಟ್ಯಾಂಕಿನಲ್ಲಿ ಅದು ಮಾಮೂಲಿ, ತಾನಾಗಿಯೇ ಹೋಯಿತು. ನಾಲ್ಕನೇ ತಿಂಗಳಲ್ಲಿ ಬಂದದ್ದು ಬೇರೆ. ಹಸಿರು ಕೂದಲಿನ ಹಾಗೆ ಕಲ್ಲಿನ ತುಂಬಾ ಬೆಳೆದು ಹವಳವನ್ನೇ ಮುಚ್ಚತೊಡಗಿತು.

ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ವಾರದಲ್ಲಿ ಮತ್ತೆ ಬೆಳೀತು. ಸಾಫ್ಟ್‌ವೇರ್ ಬುದ್ಧಿ ನೋಡಿ, ಶಾರ್ಟ್‌ಕಟ್ ಹುಡುಕಿದೆ. ಪಾಚಿ ಕೊಲ್ಲುವ ಔಷಧಿ ತಂದು ಸುರಿದೆ. ಎರಡೇ ದಿನಕ್ಕೆ ಪಾಚಿ ಸತ್ತಿತು. ಸತ್ತದ್ದು ನೀರಲ್ಲೇ ಕೊಳೆತು ಆಮ್ಲಜನಕ ತಿಂದಿತೋ ಏನೋ, ಮೂರನೇ ದಿನ ಬೆಳಗ್ಗೆ ಒಂದು ಮೀನು ತಳದಲ್ಲಿ ಮಲಗಿತ್ತು. ಉಳಿದದ್ದು ಪಂಪಿನ ಹತ್ತಿರ ಒಂಟಿಯಾಗಿ ಸುತ್ತುತ್ತಿತ್ತು. ಮೂರು ವಾರದಲ್ಲಿ ಪಾಚಿ ವಾಪಸ್. ಟ್ಯಾಂಕ್ ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ.

ಆ ಭಾನುವಾರ ಮನಸ್ಸು ಸರಿಯಿಲ್ಲದೆ ದೊಡ್ಡಮ್ಮನ ಊರಿಗೆ ಬೈಕ್ ತಿರುಗಿಸಿದೆ. ಕನಕಪುರ ದಾಟಿ ಮಳವಳ್ಳಿ ಕಡೆ ಹೋದರೆ ಸಾತನೂರು. ಕಬ್ಬಾಳಮ್ಮನ ದರ್ಶನಕ್ಕೆ, ಮುತ್ತತ್ತಿಗೆ ಹೋಗುವವರು ಇಲ್ಲಿ ಇಳಿದು ಟೀ ಕುಡಿದು ಮುಂದಕ್ಕೆ ಹೋಗುತ್ತಾರೆ. ಸರ್ಕಲ್‌ನಿಂದ ಒಳಗೆ ತಿರುಗಿದರೆ ರಾಗಿ ಹೊಲ, ತೆಂಗು, ಹಿಪ್ಪುನೇರಳೆ ತೋಟ. ದೊಡ್ಡಮ್ಮನ ಮನೆ ಹಿಂದೆಯೇ ಹುಳುಮನೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಸೊಪ್ಪಿನ ಮೂಟೆ ಪಕ್ಕದಲ್ಲೇ ಇದೆ, ದೊಡ್ಡಮ್ಮ ಮಾತ್ರ ಸುಮ್ಮನಿದ್ದರು.

"ಹಸಿದಿರಲ್ವಾ ದೊಡ್ಡಮ್ಮ?"

"ಜ್ವರಕ್ಕೆ ಕುಂತವೆ ಕಣ್ ಮಗ. ಈಗ ಸೊಪ್ಪು ಹಾಕಬಾರ್ದು. ಹಾಕಿದ್ರೆ ತಿನ್ನಾಕಿಲ್ಲ, ಹಾಸಿಗೆ ಕೊಳೀತದೆ, ರೋಗ ಬತ್ತದೆ."

ಜ್ವರ ಅಂದ್ರೆ ಹುಳು ಪೊರೆ ಬಿಡುವ ಹೊತ್ತು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಬರುತ್ತೆ. ನಾನು ನನ್ನ ಪಾಚಿ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿನ್ ಮೀನಿಗೆ ದಿನಕ್ಕೆ ಎಷ್ಟ್ ಸಲ ಹಾಕ್ತೀಯ?"

ಮೂರು ಸಲ ಹಾಕ್ತಿದ್ದೆ. ವರ್ಕ್ ಫ್ರಮ್ ಹೋಮ್ ಇದ್ದ ದಿನ ಮೀಟಿಂಗ್ ಮಧ್ಯೆ ನಾಲ್ಕು. ಮೀನು ನನ್ನನ್ನು ಕಂಡು ಓಡಿ ಬರುವುದು ನೋಡೋಕೆ ಚೆಂದ ಅಂತ.

"ಹಸಿವು ಅದಕ್ಕಲ್ಲ, ನಿನಗೆ" ಅಂದು ನಕ್ಕರು.

ಮನೆಗೆ ಬಂದು ಮೊದಲ ಸಲ ನೀರಿನ ಟೆಸ್ಟ್ ಸರಿಯಾಗಿ ಮಾಡಿದೆ. ನೈಟ್ರೇಟ್ 50 ಪಿಪಿಎಂ. ಮೀನು ತಿಂದು ಬಿಟ್ಟದ್ದು, ತಿನ್ನದೆ ಉಳಿದದ್ದು ಮೊದಲು ಅಮೋನಿಯಾ ಆಗುತ್ತೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ. ಅದರ ಜೊತೆ ಆಹಾರದ ಫಾಸ್ಫೇಟ್, ಮೇಲಿಂದ 12 ಗಂಟೆ ಲೈಟು. ಪಾಚಿಗೆ ನಾನೇ ಗೊಬ್ಬರ ಹಾಕಿ ಬೆಳೆಸಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಊಟ ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಫ್ರೋಜನ್ ಸಿಗಡಿಯನ್ನು ತೊಳೆದು, ಆ ರಸ ಚೆಲ್ಲಿ ಹಾಕುವುದು. ಲೈಟು 8 ಗಂಟೆ. ನಲ್ಲಿ ನೀರಿನ ಬದಲು ಆರ್‌ಓ-ಡಿಐ ಫಿಲ್ಟರಿನ ನೀರು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ವಾರಕ್ಕೊಮ್ಮೆ ಪಾಚಿಯನ್ನು ಕೈಯಲ್ಲಿ ಕಿತ್ತು ಹೊರಗೆ ತೆಗೆದು 15 ಲೀಟರ್ ನೀರು ಬದಲಾವಣೆ. ಕಲ್ಲು ಮೇಯಲು ನಾಲ್ಕು ಟರ್ಬೋ ಬಸವನಹುಳು. ಪಕ್ಕದ ಪುಟ್ಟ ಡಬ್ಬಿಯಲ್ಲಿ ಕೀಟೋ ಅನ್ನುವ ಒಳ್ಳೇ ಪಾಚಿ. ಅದು ಅಲ್ಲಿ ಬೆಳೆದು ನೈಟ್ರೇಟ್ ಹೀರುತ್ತೆ, ನಾನು ಕತ್ತರಿಸಿ ತೆಗೀತೀನಿ. ನೈಟ್ರೇಟನ್ನು ಪೂರ್ತಿ ಸೊನ್ನೆ ಮಾಡೋಕೂ ಹೋಗಬಾರದು, ಹವಳಕ್ಕೂ ಸ್ವಲ್ಪ ಬೇಕು. ಮೂರು ತಿಂಗಳಿಗೆ ನೈಟ್ರೇಟ್ 10ಕ್ಕೆ ಇಳಿಯಿತು, ಕಲ್ಲು ಕಾಣಿಸಿತು. ಒಂಟಿ ಮೀನಿಗೆ ಒಂದು ಮರಿ ಜೊತೆ ತಂದೆ.

ದಸರಾ ರಜೆಯಲ್ಲಿ ಖುಷಿಯಿಂದ ಸಾತನೂರಿಗೆ ಹೋಗಿ ವರದಿ ಒಪ್ಪಿಸಿದೆ. ದೊಡ್ಡಮ್ಮ ಇನ್ನೊಂದು ಪ್ರಶ್ನೆ ಎಸೆದರು. "ಬದಲಾಯಿಸಿದ್ ನೀರ್ನ ಗಿಡಕ್ ಹಾಕ್ತೀಯಾ?"

"ಉಪ್ಪಲ್ವಾ, ಗಿಡ ಸಾಯುತ್ತೆ. ಬಾತ್‌ರೂಮಿಗೆ ಚೆಲ್ತೀನಿ."

"ಅಲ್ಲಿಂದ ಎಲ್ಲಿಗ್ ಹೋಯ್ತದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಅಣ್ಣ ಮಾತಾಡದೆ ಮಧ್ಯಾಹ್ನ ಹಾರೋಬೆಲೆ ಜಲಾಶಯಕ್ಕೆ ಕರೆದುಕೊಂಡು ಹೋದ. ಅರ್ಕಾವತಿಗೆ ಕಟ್ಟಿದ ಅಣೆಕಟ್ಟು. ದಡದ ಕಲ್ಲುಗಳ ಮೇಲೆ ಅದೇ ಹಸಿರು ಕೂದಲು, ನನ್ನ ಟ್ಯಾಂಕಿನದೇ ಬಣ್ಣ.

ಕಟ್ಟೆ ಮೇಲೆ ಕೂತು ಫೋನಿನಲ್ಲಿ ಮ್ಯಾಪ್ ತೆಗೆದೆ. ಕೆಂಗೇರಿಯ ಚರಂಡಿ ಸೇರುವುದು ವೃಷಭಾವತಿಗೆ. ವೃಷಭಾವತಿ ಬೈರಮಂಗಲ ಕೆರೆಗೆ. ಅಲ್ಲಿಂದ ಕನಕಪುರಕ್ಕೆ ಮೊದಲೇ ಅರ್ಕಾವತಿಗೆ. ಅರ್ಕಾವತಿ ಹಾರೋಬೆಲೆಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಮಾಮೂಲಿ ಸಂಸ್ಕರಣೆ ನೈಟ್ರೇಟ್, ಫಾಸ್ಫೇಟನ್ನು ಪೂರ್ತಿ ತೆಗೆಯಲ್ಲ. ಬೆಂಗಳೂರಿಗೆ ಕುಡಿಯೋ ನೀರು ಹೋಗುವುದೂ ಇದೇ ಕಡೆಯಿಂದ. ಸಾತನೂರು, ಹಲಗೂರು ದಾಟಿದರೆ ತೊರೆಕಾಡನಹಳ್ಳಿ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಅಂತ ಪಂಪ್ ಮಾಡಿ ಮೇಲಕ್ಕೆ ಎತ್ತುತ್ತಾರೆ. 1974ರಿಂದ ಒಂದೊಂದೇ ಹಂತ ಸೇರುತ್ತಾ, 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು. ಒಳ್ಳೇ ನೀರು ನಮ್ಮ ತಾಲ್ಲೂಕು ಹಾದು ಮೇಲೆ ಹೋಗುತ್ತೆ. ನಾವು ಬಳಸಿ ಬಿಟ್ಟದ್ದು ಅದೇ ತಾಲ್ಲೂಕಿಗೆ ಕೆಳಗೆ ಬರುತ್ತೆ.

ನನ್ನ 15 ಲೀಟರಿನಿಂದ ಹಾರೋಬೆಲೆ ಹಸಿರಾಗಿಲ್ಲ, ನಿಜ. ಆದರೆ ನನ್ನ ಟ್ಯಾಂಕಿನ ಲೆಕ್ಕವೇ ಊರಿನದೂ. ಪಾಚಿ ಕೊಲ್ಲುವ ಔಷಧಿ ಹುಡುಕೋ ಮೊದಲು ಮೇಲಿಂದ ಏನು ಸುರೀತಾ ಇದ್ದೀವಿ ಅಂತ ನೋಡಬೇಕು. ಊಟ ಅರ್ಧ ಮಾಡಿದ ಮೇಲೆ ನೀರು ಬದಲಿಸುವುದನ್ನೂ ಎರಡು ವಾರಕ್ಕೊಮ್ಮೆ ಮಾಡಿದ್ದೀನಿ. ಟ್ಯಾಂಕ್ ಚೆನ್ನಾಗೇ ಇದೆ.

ದೊಡ್ಡಮ್ಮ ಈಗಲೂ ವಾರಕ್ಕೊಮ್ಮೆ ಫೋನ್ ಮಾಡ್ತಾರೆ. ಮೊದಲ ಮಾತು ಒಂದೇ: "ನಿನ್ ಹುಳ ಹೆಂಗವೆ ಮಗ? ಸೊಪ್ಪು ಜಾಸ್ತಿ ಹಾಕ್ಬೇಡ."