ಹುರುಪಿ ಮೂಡುವ ಮುಂಚೆ

ಮೇ 11, ಶಿವಯೋಗ ಮಂದಿರ

ಅವ್ವನನ್ನು ಕುಮಾರ ಸ್ವಾಮಿಗಳ ಗದ್ದುಗೆಗೆ ಕರೆತಂದೆ. ಮಲಪ್ರಭೆ ಅಲ್ಲಲ್ಲಿ ಮಡುವಾಗಿ ನಿಂತಿದ್ದಾಳೆ. ಬರುವಾಗ ಬಾದಾಮಿಯಲ್ಲಿ ಮೀನು ಮಾರುವವಳ ಬುಟ್ಟಿಯಿಂದ ಒಂದು ರೋಹು ಅಳೆದೆ: 42 ಸೆಂ.ಮೀ. ಬೆನ್ನುರೆಕ್ಕೆಯ ಕೆಳಗೆ, ಪಕ್ಕೆಯ ಗೆರೆಗೆ ತುಸು ಮೇಲೆ ಅದರ ಬೆಳವಣಿಗೆ ಓದಲು ಆರು ಹುರುಪಿ ಕಿತ್ತು ಕಾಗದದಲ್ಲಿ ಸುತ್ತಿಕೊಂಡೆ.

“ಅದನ್ನ ಮುಟ್ಟಿದ ಕೈಲೆ ವಿಭೂತಿ ಹಚ್ಕೋಬ್ಯಾಡ, ತೊಳಕೊಂಡು ಬಾ,” ಅಂದಳು ಅವ್ವ. ತೊಳೆದುಕೊಂಡೆ. ಪೊಟ್ಟಣ ಕಿಸೆಯಲ್ಲೇ ಇತ್ತು, ಹೇಳಲಿಲ್ಲ.

ಮೇ 12, ಮನೆ

ಹುರುಪಿ ನೆನೆಸಿ ಎರಡು ಗಾಜಿನ ನಡುವೆ ಇಟ್ಟು ನೋಡಿದೆ. ಆರರಲ್ಲಿ ಎರಡರ ನಡುಭಾಗ ಬೋಳು. ಅವು ಉದುರಿದ ಜಾಗದಲ್ಲಿ ಮತ್ತೆ ಬಂದವು. ಮೀನಿನ ಎಳವೆಯ ಲೆಕ್ಕ ಅವುಗಳಲ್ಲಿಲ್ಲ. ಪಕ್ಕಕ್ಕಿಟ್ಟೆ.

ಮೀನು ಬೆಳೆದಂತೆ ಹುರುಪಿಗಳ ಸಂಖ್ಯೆ ಹೆಚ್ಚುವುದಿಲ್ಲ, ಇದ್ದವೇ ಅಗಲವಾಗುತ್ತವೆ. ಹಾಗಾಗಿ ನಾರ್ವೆಯ ಐನಾರ್ ಲಿಯಾ 1910ರಲ್ಲಿ ಹೆರ್ರಿಂಗ್ ಮೀನಿನ ಹುರುಪಿಗೂ ಮೈ ಉದ್ದಕ್ಕೂ ನೇರ ಅನುಪಾತ ಹಾಕಿದ. ಅದೇ ಕಾಲಕ್ಕೆ ಅಲ್ಲಿನ ಕ್ನುಟ್ ಡಾಲ್ ಸಾಲ್ಮನ್ ಹುರುಪಿಯಲ್ಲಿ ಹೊಳೆಯ ವರ್ಷ, ಕಡಲಿನ ವರ್ಷಗಳನ್ನು ಓದುತ್ತಿದ್ದ. ನನ್ನ ರೋಹುವಿನ ಹುರುಪಿ ನಡುವಿನಿಂದ ಅಂಚಿಗೆ 10 ಮಿ.ಮೀ.; ಗೆರೆಗಳು ಒತ್ತಾಗಿ ಕಟ್ಟಿದ ಮೊದಲ ಬಳೆ 4.5ಕ್ಕೆ. ನೇರ ಲೆಕ್ಕದಲ್ಲಿ ಆಗಿನ ಉದ್ದ 18.9 ಸೆಂ.ಮೀ.

ಆದರೆ ಮರಿ ಹುಟ್ಟುವಾಗ ಹುರುಪಿಯೇ ಇರುವುದಿಲ್ಲ. ಮೈ ಕೊಂಚ ಬೆಳೆದ ಮೇಲೆ ಮೂಡುತ್ತದೆ. ಆ ಮೊದಲ ಬೆಳವಣಿಗೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬುದನ್ನು ರೋಸಾ ಲೀ 1912ರಲ್ಲಿ ಎತ್ತಿ ತೋರಿಸಿದಳು. ಹುರುಪಿ ಮೂಡುವಾಗಿನ ಉದ್ದವನ್ನು ಸದ್ಯಕ್ಕೆ 3 ಸೆಂ.ಮೀ. ಎಂದು ಹಿಡಿದೆ: ಉಳಿದ 39ರಲ್ಲಿ 0.45 ಪಾಲು, ಜೊತೆಗೆ ಆ 3. ಒಟ್ಟು ಸುಮಾರು 20.5. ಈ 3 ನನ್ನ ಊಹೆ. ಸಣ್ಣ ದೊಡ್ಡ ಮೀನು ಹತ್ತಾರು ಅಳೆದರೇ ನಿಜ ಸಿಕ್ಕೀತು.

ಮೇ 13

ಇನ್ನೊಂದು ತೊಡಕು. ನಾರ್ವೆಯ ಬಳೆ ಚಳಿಗಾಲದ್ದು. ಇಲ್ಲಿ ಗೆರೆ ಒತ್ತಾಗಲು ಬೇಸಿಗೆಯ ಮಡುವೂ ಕಾರಣವಾಗಬಹುದು, ಮಳೆಗಾಲದಲ್ಲಿ ಮೊಟ್ಟೆ ಇಡುವುದೂ ಆಗಬಹುದು. ಬಳೆ ಒಂದು ಅಂದಾಕ್ಷಣ ವರ್ಷ ಒಂದು ಅನ್ನಲಾಗದು. ತಿಂಗಳು ತಿಂಗಳೂ ಹುರುಪಿಯ ಅಂಚು ನೋಡಿ, ಹೊಸ ಬಳೆ ಯಾವಾಗ ಕಟ್ಟುತ್ತದೆ ಎಂದು ಹಿಡಿಯಬೇಕು.

ಅವ್ವ ಶ್ರಾವಣದಲ್ಲಿ ಮತ್ತೆ ಮಂದಿರಕ್ಕೆ ಹೋಗೋಣ ಅಂದಿದ್ದಾಳೆ. ಆಗ ಹೊಳೆ ಹರಿಯುತ್ತಿರುತ್ತದೆ. ದರ್ಶನ ಮೊದಲು, ಮೀನು ಆಮೇಲೆ.