ಯಾರ ಮನೆ ನಾಯಿ?

ನಮ್ಮ ಚೋಮಿಯ ಒಂದು ಕಿವಿಗೆ ತುದಿಯಿಲ್ಲ. ಬೀದಿಯಲ್ಲಿದ್ದಾಗ ಅವಳಿಗೆ ಸಂತಾನಹರಣದ ಆಪರೇಷನ್ ಮಾಡಿದವರು ಅರಿವಳಿಕೆ ಇಳಿಯುವ ಮೊದಲೇ ಕಿವಿಯ ಚೂರೊಂದನ್ನೂ ಕತ್ತರಿಸಿ ಬಿಟ್ಟಿದ್ದರು. ಇನ್ನೊಮ್ಮೆ ಬಲೆಗೆ ಸಿಕ್ಕರೆ ಮತ್ತೆ ಹೊಟ್ಟೆ ಕೊಯ್ಯದಿರಲಿ ಎಂದು ಆ ಗುರುತು. ದೂರದಿಂದಲೇ ಕಾಣುತ್ತದೆ, ಕಳಚಿ ಬೀಳುವುದಿಲ್ಲ, ಓದಲು ಯಂತ್ರ ಬೇಡ. ಆದರೂ ಮನೆಗೆ ಬಂದ ನೆಂಟರೆಲ್ಲ “ಅಯ್ಯೋ ಪಾಪ, ಯಾವ ನಾಯಿ ಕಚ್ಚಿತ್ತು?” ಎಂದೇ ಕೇಳುವುದು.

ಇಂಥವಳಿಗೆ ಮೈಕ್ರೋಚಿಪ್ ಹಾಕಿಸಿ ಎಂದರು ಡಾಕ್ಟರು, ರೇಬೀಸ್ ಇಂಜೆಕ್ಷನ್ನಿಗೆ ಹೋದಾಗ. ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕಾಳು. ಹೆಗಲ ಮೂಳೆಗಳ ನಡುವೆ, ಚರ್ಮದಡಿಗೆ, ತುಸು ದಪ್ಪ ಸೂಜಿಯಲ್ಲಿ ಇಳಿಸುತ್ತಾರೆ. ಅದರೊಳಗೆ ಇರುವುದು 15 ಅಂಕಿಯ ಒಂದು ಸಂಖ್ಯೆ ಮಾತ್ರ. ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ಅಲೆಯಿಂದಲೇ ಜೀವ ಪಡೆದು, ಸಂಖ್ಯೆ ಒಪ್ಪಿಸಿ ಸುಮ್ಮನಾಗುತ್ತದೆ. ನಾಯಿ ಎಲ್ಲಿ ಅಲೆಯುತ್ತಿದೆ ಎಂದು ಮೊಬೈಲಿನಲ್ಲಿ ತೋರಿಸುವ ಯಂತ್ರ ಅದಲ್ಲ. ಎದುರುಮನೆಯವರಿಗೆ ಎಷ್ಟು ಹೇಳಿದರೂ ಇದು ತಲೆಗೆ ಹೋಗಿಲ್ಲ.

ಅತ್ತೆಗೆ ಇದು ಸರಿಬರಲಿಲ್ಲ. “ಹೊರಗೆ ಕಟ್ಟಿದ್ದನ್ನ ಬೇಡ ಅಂದ್ರೆ ಬಿಚ್ಚಬಹುದು. ಒಳಗೆ ಹೋದದ್ದನ್ನ ತೆಗೆಯೋರು ಯಾರೇ?” ಎಂದರು. ಸಾಗರದ ಕಡೆ, ಕೊಟ್ಟಿಗೆ ತುಂಬಿದ ಮನೆಯಲ್ಲಿ ಬೆಳೆದವರು. ಅಲ್ಲಿ ದನಗಳ ಕೊರಳಿಗೆ ಮರದ ಗಂಟೆ. ಕಾಡಿನಲ್ಲಿ ದನ ಕಾಣದಿದ್ದರೂ ಸದ್ದು ಕೇಳಿಯೇ ಯಾರ ಮನೆಯದೆಂದು ಹೇಳುತ್ತಿದ್ದರಂತೆ. ಕೇಳಲು ಚೆಂದ. ಹಾಗೆಂದು ಹಳೆಯ ಕಾಲ ಪ್ರಾಣಿಗಳ ಪಾಲಿಗೆ ಮೃದುವಾಗಿತ್ತು ಎಂದು ನಾನಂತೂ ಒಪ್ಪಲಾರೆ. ಕಬ್ಬಿಣ ಕಾಯಿಸಿ ಬರೆ ಎಳೆಯುವುದು ಗುರುತಿಗೂ ಇತ್ತು, ಮದ್ದಿಗೂ ಇತ್ತು.

ಈ ಗುರುತಿನ ಲೆಕ್ಕಾಚಾರ ನಮ್ಮಲ್ಲಿ ಬಹಳ ಹಳೆಯದು. ಅರ್ಥಶಾಸ್ತ್ರದ ಗೋಧ್ಯಕ್ಷ ಹಾಕಿದ ಮುದ್ರೆ, ಹುಟ್ಟಿನಿಂದ ಬಂದ ಮಚ್ಚೆ, ಮೈಬಣ್ಣ, ಎರಡು ಕೊಂಬುಗಳ ನಡುವಿನ ಅಂತರ ಎಲ್ಲವನ್ನೂ ಕಡತದಲ್ಲಿ ಬರೆದಿಡಬೇಕು. ಪಾಣಿನಿ ವ್ಯಾಕರಣದ ಒಂದು ಸೂತ್ರ ಹೇಳುವ ಭರದಲ್ಲಿ ಪಶುಗಳ ಕಿವಿಯ ಗುರುತುಗಳ ಪಟ್ಟಿಯನ್ನೇ ಕೊಟ್ಟುಬಿಟ್ಟಿದ್ದಾನೆ: ಎಂಟು, ಐದು, ಮಣಿ, ಸೀಳು, ಕಡಿತ, ತೂತು, ಹೋಮದ ಸ್ರುವ, ಸ್ವಸ್ತಿಕ. ಕಿವಿಯಲ್ಲಿ ಸ್ವಸ್ತಿಕ ಮೂಡಿಸಿಕೊಳ್ಳುವಾಗ ಕರುವಿಗೆ ಏನನ್ನಿಸಿತೋ, ಸೂತ್ರದಲ್ಲಿ ಅದಕ್ಕೆ ಜಾಗವಿಲ್ಲ. ಇನ್ನು ದುರ್ಯೋಧನನ ಘೋಷಯಾತ್ರೆ. ಹೊರಟದ್ದು ಕಾಡಿನಲ್ಲಿದ್ದ ಪಾಂಡವರ ಹೊಟ್ಟೆ ಉರಿಸಲು. ಅಪ್ಪನಿಗೆ ಹೇಳಿದ ನೆಪ ದನಗಳನ್ನು ಎಣಿಸಿ ಕರುಗಳಿಗೆ ಗುರುತು ಹಾಕಿಸುವುದು. ಗಂಧರ್ವರು ಅವನನ್ನು ಕಟ್ಟಿಹಾಕಿದ್ದು ಯಕ್ಷಗಾನ ನೋಡಿದವರಿಗೆಲ್ಲ ಗೊತ್ತು. ಬರೆ ಹಾಕಿಸಿಕೊಂಡ ಕರುಗಳು ಏನಾದವೆಂದು ಯಾವ ಭಾಗವತರೂ ಹಾಡಿದ್ದನ್ನು ನಾನು ಕೇಳಿಲ್ಲ.

ಈಗ ದನಗಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ. ಅತ್ತೆ ಅದನ್ನು ಓಲೆ ಎನ್ನುತ್ತಾರೆ. ಅದರ ತೊಂದರೆಗಳನ್ನು ಅವರೇ ನನಗೆ ವಿವರಿಸಿದರು: ಮಳೆಗಾಲದಲ್ಲಿ ತೂತು ಹಸಿಯಾಗಿ ಹುಳ ಬೀಳುವುದು, ಬೇಲಿಗೆ ಸಿಕ್ಕಿ ಕಿವಿ ಹರಿಯುವುದು. ಹೊರಗೆ ಕಟ್ಟಿದ್ದು ಕ್ಷೇಮ ಎಂಬ ಅವರ ವಾದಕ್ಕೆ ಅವರೇ ಹಾಕಿದ ಪೆಟ್ಟು ಇದು. ಕೊರಳ ಪಟ್ಟಿಯೂ ಪೂರ್ತಿ ಸಾಧುವಲ್ಲ. ಬಿಗಿಯಾದರೆ ಕತ್ತು ಹುಣ್ಣು, ಸಡಿಲವಾದರೆ ಬೆಕ್ಕಿನ ಮುಂಗಾಲೋ ದವಡೆಯೋ ಅದರಲ್ಲಿ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ 538 ಬೆಕ್ಕುಗಳಿಗೆ ಪಟ್ಟಿ ಕಟ್ಟಿ ಆರು ತಿಂಗಳು ನೋಡಿದ ಅಧ್ಯಯನವೊಂದು 2010ರಲ್ಲಿ ಬಂತು. 18 ಬೆಕ್ಕುಗಳಿಗೆ ಹೀಗೇ ಆಗಿತ್ತು. ಹಾಗೆ ನೋಡಿದರೆ ಅದು ದೊಡ್ಡ ಸಂಖ್ಯೆಯಲ್ಲ, ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ ಹಾಕಿದರೆ ಭಯ ಇನ್ನೂ ಕಡಿಮೆ.

ಚಿಪ್ಪಿನ ಮೇಲಿರುವ ದೊಡ್ಡ ಆರೋಪ ಕ್ಯಾನ್ಸರಿನದು. ನನ್ನ ಗಂಡ ರಾತ್ರಿ ಮಲಗುವ ಮುಂಚೆ ಓದಿ ನನ್ನ ನಿದ್ದೆ ಕೆಡಿಸಿದ ವಿಷಯ ಇದು. ಸುಳ್ಳಲ್ಲ. ಪ್ರಯೋಗಾಲಯದ ಇಲಿಗಳಲ್ಲಿ, ಗುರುತಿಗೆಂದು ಇಟ್ಟ ಚಿಪ್ಪಿನ ಸುತ್ತ ಗಡ್ಡೆ ಬೆಳೆದದ್ದನ್ನು 1990ರ ದಶಕದಿಂದ ಹಲವು ಅಧ್ಯಯನಗಳು ದಾಖಲಿಸಿವೆ. ಪ್ರಮಾಣ ಸರಿಸುಮಾರು ಶೇ 1ರಿಂದ 10ರವರೆಗೆ. 2007ರಲ್ಲಿ ಸುದ್ದಿಸಂಸ್ಥೆಯೊಂದು ಇದನ್ನು ಬರೆದಾಗ ಜಗತ್ತಿನಾದ್ಯಂತ ನಾಯಿ ಸಾಕಿದವರು ಬೆಚ್ಚಿಬಿದ್ದರು. ಆದರೆ ಇಲಿಗಳ ಚರ್ಮದಡಿ ಯಾವ ಪರವಸ್ತು ಇಟ್ಟರೂ ಗಡ್ಡೆ ಏಳುವ ಸ್ವಭಾವ ಹೆಚ್ಚು. ಮೇಲಾಗಿ ಇಲಿಯ ಮೈಗೆ ಅಷ್ಟು ದೊಡ್ಡ ಕಾಳು! ನಾಯಿಗಳಲ್ಲಿ ವರದಿಯಾದದ್ದು ಬೆರಳೆಣಿಕೆ. 2006ರಲ್ಲಿ ಇಟಲಿಯಿಂದ ಬಂದ 9 ವರ್ಷದ ಫ್ರೆಂಚ್ ಬುಲ್‌ಡಾಗ್‌ನ ಪ್ರಕರಣ ಅಂಥದ್ದೊಂದು. ಬ್ರಿಟನ್ನಿನ ಪಶುವೈದ್ಯರು 1996ರಿಂದ ದೂರು ಬರೆದಿಟ್ಟುಕೊಳ್ಳತೊಡಗಿದರು. ಹೆಚ್ಚಿನವು ಚಿಪ್ಪು ಇಟ್ಟ ಜಾಗ ಬಿಟ್ಟು ಭುಜದ ಕಡೆಗೋ ಕಾಲಿನ ಕಡೆಗೋ ಜಾರಿದ್ದು. ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗಳಿಗೆ, 2024ರಿಂದ ಬೆಕ್ಕುಗಳಿಗೆ ಚಿಪ್ಪು ಕಡ್ಡಾಯ.

ಲಾಭದ ಕಡೆಯ ಲೆಕ್ಕ ಇನ್ನೂ ದೊಡ್ಡದು. ಅಮೆರಿಕದ 53 ಪ್ರಾಣಿಧಾಮಗಳನ್ನು ನೋಡಿದ 2009ರ ಅಧ್ಯಯನದಲ್ಲಿ ದಾರಿತಪ್ಪಿ ಬಂದ ನಾಯಿಗಳಲ್ಲಿ ಒಟ್ಟಾರೆ ಮನೆ ಸೇರಿದವು ಶೇ 21.9, ಚಿಪ್ಪಿದ್ದವುಗಳಲ್ಲಿ ಶೇ 52.2. ಬೆಕ್ಕುಗಳಲ್ಲಂತೂ ಶೇ 1.8 ಮತ್ತು 38.5. ಸರಿ, ಚಿಪ್ಪಿದ್ದೂ ಮನೆ ಸೇರದವುಗಳ ಕಥೆ ಏನು? ಯಜಮಾನ ಸಿಗದಿದ್ದ ಪ್ರಕರಣಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಡೆ ಕಾರಣ ಒಂದೇ: ದಾಖಲೆಯಲ್ಲಿದ್ದ ಫೋನ್ ನಂಬರ್ ತಪ್ಪು ಅಥವಾ ಸತ್ತುಹೋದದ್ದು. ಇದನ್ನು ಓದಿದ ಮೇಲೆ ನನ್ನ ಭಯ ಚೋಮಿಯ ಬೆನ್ನಿನಿಂದ ಇಳಿದು ನಮ್ಮ ಮನೆಯ ಮೊಬೈಲುಗಳ ಮೇಲೆ ಕೂತಿತು. ಇವರದು ಕಂಪನಿ ಕೊಟ್ಟ ಸಿಮ್, ಕೆಲಸ ಬಿಟ್ಟರೆ ಹೋಯಿತು. ನಾನು ಆಫರ್ ಕಂಡಲ್ಲೆಲ್ಲ ನಂಬರ್ ಬದಲಿಸುವವಳು. ನಮ್ಮಲ್ಲಿ ನಾಯಿಬೆಕ್ಕುಗಳಿಗೆಲ್ಲ ಸೇರಿ ಒಂದೇ ಕಡತವೂ ಇಲ್ಲ. ಯಾವ ಕಂಪನಿಯ ಚಿಪ್ಪೋ ಅಲ್ಲಿಯ ಪುಸ್ತಕದಲ್ಲಿ ಹೆಸರು.

ಜರ್ಮನಿಗೆ ನಾಯಿಯನ್ನೂ ಕರೆದೊಯ್ದ ಗೆಳತಿಯೊಬ್ಬಳು ಎಚ್ಚರಿಸಿದ್ದಳು: ಚಿಪ್ಪು ಮೊದಲು, ರೇಬೀಸ್ ಲಸಿಕೆ ಆಮೇಲೆ, ತಿರುಗುಮುರುಗಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಮತ್ತೆ ರಕ್ತಪರೀಕ್ಷೆ, ಮೂರು ತಿಂಗಳ ಕಾಯುವಿಕೆ. ಚೋಮಿ ಸದ್ಯಕ್ಕೆ ಸಾಗರದಾಚೆ ಹೋಗುವವಳಲ್ಲ. ಆದರೂ ಕ್ರಮ ತಪ್ಪಿಸುವುದು ಯಾಕೆಂದು ಡಾಕ್ಟರಿಗೆ ಚಿಪ್ಪನ್ನೇ ಮೊದಲು ಹಾಕಲು ಹೇಳಿದೆ. ಉಗುರು ಕತ್ತರಿಸುವಾಗ ಊರು ಒಂದು ಮಾಡುವವಳು ಸೂಜಿಗೆ ತಿರುಗಿಯೂ ನೋಡಲಿಲ್ಲ. ಬೆಲ್ಟಿನ ಮೇಲಿನ ಹಿತ್ತಾಳೆ ಬಿಲ್ಲೆಯನ್ನೂ ತೆಗೆದಿಲ್ಲ. ಮೂಲೆ ಅಂಗಡಿಯವನ ಹತ್ತಿರ ಸ್ಕ್ಯಾನರ್ ಎಲ್ಲಿಂದ ಬರಬೇಕು?

ಅರ್ಜಿಯಲ್ಲಿ ಬರೆಸಿದ್ದು ಅತ್ತೆಯ ನಂಬರು. ನನಗೆ ಗೊತ್ತಿದ್ದಂತೆ ಅದೊಂದೇ ಎಂದೂ ಬದಲಾಗದ್ದು, ಯಾರು ಕರೆದರೂ ಎತ್ತುವಂಥದ್ದು. ಚಿಪ್ಪು ಬೇಡವೆಂದವರೇ ಚಿಪ್ಪಿನ ಯಜಮಾನಿಯಾದರು. ಹುಟ್ಟಿದ ದಿನಾಂಕ ಬರೆಯಲೇಬೇಕೆಂದಾಗ ಅವರೇ ಜನವರಿ 1 ಎಂದು ಹೇಳಿ, ಅವರ ಕಾಲದಲ್ಲಿ ಶಾಲೆಯ ಮೇಷ್ಟ್ರುಗಳು ಮಾಡುತ್ತಿದ್ದುದೇ ಹೀಗೆ ಎಂದು ಸಮರ್ಥಿಸಿಕೊಂಡರು. ಈ ವರ್ಷ ಆ ದಿನ ಬೆಳಿಗ್ಗೆ ಯಾವುದೋ ನಾಯಿ ಬಿಸ್ಕತ್ತಿನ ಕಂಪನಿಯಿಂದ ಶುಭಾಶಯದ ಮೆಸೇಜು ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಚೋಮಿಗೆ ಓದಿ ಹೇಳಿ, “ಶೇಕಡಾ ಹತ್ತು ರಿಯಾಯಿತಿಯಂತೆ ಕಣೇ” ಎಂದರು.